ಯಂತ್ರಕ್ಕೆ ಕೇಳಿಸದ ಏಳನೇ ನಂಬರ್

ನಾನು ಇದ್ದೂ ಕಾಣಿಸದಿರುವುದು ಆಗಾಗ ಆಗುವಂಥದ್ದೇ. ಮುಂಬೈಯ ಡೊಂಬಿವಲಿ ಲೋಕಲ್ ರೈಲಿನಲ್ಲಿ ಖಾಲಿ ಸೀಟೆಂದು ನನ್ನ ಮೇಲೇ ಕೂರಲು ಬಂದವರಿದ್ದಾರೆ. ಆದರೆ ಇಂಜಿನಿಯರಿಂಗ್ ಕೊನೆಯ ವರ್ಷದ ಪ್ರಾಜೆಕ್ಟಿನಲ್ಲಿ ಇದರಿಂದ ವರ್ಷವೇ ಕೈತಪ್ಪುವುದರಲ್ಲಿತ್ತು. ನೆನೆದರೆ ನಗು ಬರುತ್ತದೆ, ಜೊತೆಗೆ ಮೈಯೂ ಜುಮ್ಮೆನ್ನುತ್ತದೆ.

೧. ಶೀತವಾದ ಅತಿಥಿ

ಸಪೂರ ಫೋನ್ ಲೈನಿನಲ್ಲೂ ಮಾತು ದಾಟಬೇಕಾದರೆ ದನಿಯನ್ನು ಹಿಂಡಿ ಚಿಕ್ಕದು ಮಾಡಬೇಕು. ಮೂರು ವಿಧಾನ ಹೋಲಿಸಿ ಯಾವುದು ವಾಸಿ ಎಂದು ಹೇಳುವುದು ಪ್ರಾಜೆಕ್ಟಿನಲ್ಲಿ ನನ್ನ ಕೆಲಸ. ಮೊದಲೆರಡು ದನಿಯನ್ನೇ ಒರಟಾಗಿ ಕಳಿಸುತ್ತವೆ. ಮೂರನೆಯದು ದನಿಯನ್ನು ಬಿಸಾಡಿ, ಬಾಯಿ ಗಂಟಲು ಹೇಗೆ ಆಡಿತು ಎಂಬ ವಿವರ ಮಾತ್ರ ಕಳಿಸುತ್ತದೆ. ಆಚೆ ಕಡೆ ಯಂತ್ರ ಹೊಸ ಗಂಟಲು ಕಟ್ಟಿಕೊಂಡು ಮಾತಾಡುತ್ತದೆ.

ಅಮ್ಮನ ಮಾತನ್ನು ರೆಕಾರ್ಡ್ ಮಾಡಿ ಆ ಮೂರನೆಯದರಲ್ಲಿ ಹಾಯಿಸಿದೆ. "ಊಟ ಆಯ್ತಾ?" ಎಂದಿತು ಕಂಪ್ಯೂಟರ್. ಮಾತು ಅಮ್ಮನದು, ಗಂಟಲು ಯಾರದೂ ಅಲ್ಲ.

"ಆಯ್ತು, ನಿಮ್ದು?" ಅಡುಗೆಮನೆಯಿಂದ ಅಮ್ಮ ಕೂಗಿದರು. ಹೊರಗೆ ಬಂದು ಖಾಲಿ ಹಾಲ್ ನೋಡಿ, "ಹೋದ್ರಾ? ಪಾಪ, ಶೀತ ಆದ ಹಾಗಿತ್ತು."

೨. ಐದಕ್ಕೆ ಐದು

ಮೂರೂ ವಿಧಾನದ ದನಿ ಕೇಳಿದವರು ಐದಕ್ಕೆ ಇಷ್ಟೆಂದು ಮಾರ್ಕು ಹಾಕಬೇಕು. ಅಪರಿಚಿತರನ್ನು ಕೇಳುವ ಧೈರ್ಯವಿಲ್ಲದೆ ಬಿಲ್ಡಿಂಗಿನ ಉಡುಪಿ ಆಂಟಿಯನ್ನು ಕರೆದೆ. ಮೊದಲೆರಡಕ್ಕೆ ಮೂರು, ಎರಡು ಎಂದರು. ಮೂರನೆಯದು ಬಾಯಿ ತೆರೆದದ್ದೇ ತಡ, ಸೆರಗು ಹೊದ್ದು ಎದ್ದು ನಿಂತರು. ಊರಲ್ಲಿ ದೈವ ಮೈಮೇಲೆ ಬಂದವರ ದನಿ ಥೇಟ್ ಹೀಗೇ ಆಗುತ್ತದಂತೆ. ಕೈಮುಗಿದು ತುಳುವಿನಲ್ಲಿ, ತಾವು ಬುಕ್ ಮಾಡಿದ ಬದಲಾಪುರದ ಫ್ಲ್ಯಾಟಿನ ಕೀ ಯಾವಾಗ ಸಿಗುತ್ತದೆಂದು ಕೇಳಿದರು.

"ಆಂಟಿ, ಅದು ಅಮ್ಮನ ಮಾತು. ಮಾರ್ಕು?"

"ಐದು ಬರಿ ಮಾರಾಯ್ತಿ. ಕಮ್ಮಿ ಕೊಟ್ಟು ನಾನು ಬದುಕುವುದು ಬೇಡ್ವಾ?"

ಅವರು ಇನ್ನೂ ಹತ್ತು ಮಂದಿಯನ್ನು ಕಳಿಸಿದರು. ಎಲ್ಲರೂ ಚಪ್ಪಲಿ ಹೊರಗೆ ಬಿಟ್ಟು ಬಂದು ಐದಕ್ಕೆ ಐದೇ ಕೊಟ್ಟರು. ಗೈಡ್ ಸರ್ ಪಟ್ಟಿ ನೋಡಿ ತಲೆ ಹಿಡಿದುಕೊಂಡರು. "ಎಲ್ಲಾ ಉಲ್ಟಾ! ಎಲ್ಲಕ್ಕಿಂತ ಕಮ್ಮಿ ಬರಬೇಕಾದದ್ದಕ್ಕೇ ಐದು! ಪರೀಕ್ಷಕರ ಮುಂದೆ ಯಂತ್ರ ನಡೆಸಿ ತೋರಿಸು. ಆಗದಿದ್ದರೆ ವರ್ಷ ಹೋಯ್ತು. ಆ ಹನ್ನೊಂದು ಹೆಂಗಸರನ್ನು ಮಾತ್ರ ಕರ್ಕೊಂಡು ಬರ್ಬೇಡ."

೩. ಗೈರುಹಾಜರ್

ನಾನು ಲ್ಯಾಬಿನಲ್ಲಿ ಮೈಕಿನ ಮುಂದೆ. ಪರೀಕ್ಷಕರು ಪಕ್ಕದ ಕೋಣೆಯಲ್ಲಿ, ಕಿವಿಗೆ ಹೆಡ್‌ಫೋನ್. ಯಾರೂ ಮಾತಾಡದಾಗ ಯಂತ್ರ ಏನನ್ನೂ ಕಳಿಸುವುದಿಲ್ಲ. ಲೈನ್ ಸತ್ತಿತೆಂದು ಕೇಳುವವರು ಗಾಬರಿಯಾಗದಿರಲಿ ಎಂದು ಆ ತುದಿಯಲ್ಲಿ ತಾನೇ ಸಣ್ಣಗೆ 'ಸ್ಸ್' ಎನ್ನುತ್ತದೆ.

"ರೋಲ್ ನಂಬರ್ ಏಳು?" ಸ್ಪೀಕರಿನಲ್ಲಿ ಅವರ ದನಿ.

"ಯೆಸ್ ಸರ್."

ನನ್ನ ದನಿ ಎಷ್ಟು ಸಣ್ಣದೆಂದರೆ ಯಂತ್ರ ಅದನ್ನು ಮೌನವೆಂದೇ ತಿಳಿಯಿತು. ಅವರು ಐದು ಸಲ ಕರೆದರು, ಐದು ಸಲ ಓಗೊಟ್ಟೆ. ಅವರಿಗೆ ಬರೀ 'ಸ್ಸ್'. ಕೊನೆಗೆ, "ಕೌನ್ ಹೈ ಉಧರ್?" ಎಂದರು, ಸ್ವಲ್ಪ ನಡುಗಿ.

ಓಡಿಹೋದೆ. ಏಳರ ಮುಂದೆ ಗೈರುಹಾಜರ್ ಎಂದು ಬರೆಯುತ್ತಿದ್ದರು. "ಸರ್, ನಾನು ಬಂದಿದ್ದೇನೆ."

ತಲೆಯೆತ್ತದೆ ಹೇಳಿದರು: "ಇಲ್ಲ. ಅಲ್ಲಿ ಯಾರೂ ಇಲ್ಲ."

ಎಷ್ಟು ಖಚಿತವಾಗಿ ಹೇಳಿದರೆಂದರೆ ನಾನಿದ್ದೇನೆಯೇ ಎಂದು ನನಗೇ ಅನುಮಾನ ಬಂತು. ಬಾಗಿಲು ಮುಟ್ಟಿ ನೋಡಿಕೊಂಡೆ. ಆಮೇಲೆ ಜೀವಮಾನದಲ್ಲಿ ಮೊದಲ ಸಲ ಕಿರುಚಿದೆ: "ಇದ್ದೇನೆ!"

ಹೆಡ್‌ಫೋನ್ ಹಾರಿತು. ವಿಷಯ ತಿಳಿದು ಅವರು ನಕ್ಕು, ಯಂತ್ರ ತನ್ನ ಕೆಲಸ ಸರಿಯಾಗಿಯೇ ಮಾಡಿದೆ ಎಂದು ಹೇಳಿ, ಗೈರುಹಾಜರ್ ಎಂಬುದನ್ನು ಹೊಡೆದುಹಾಕಿ ಪಾಸು ಮಾಡಿದರು. ಅಷ್ಟರಲ್ಲಿ ಗೈಡ್ ಸರ್ ಓಡಿ ಬಂದರು. "ಯಾರದು ಕಿರುಚಿದ್ದು?"

ಪರೀಕ್ಷಕರು ನನ್ನ ಕಡೆ ಬೆರಳು ತೋರಿಸಿದರು.

"ಇವಳಾ? ಛೇ, ನಾಲ್ಕು ವರ್ಷದಿಂದ ನೋಡ್ತಿದ್ದೇನೆ ಸರ್, ಇವಳಿಗೆ ದನಿ ಇಲ್ಲ," ಎಂದವರೇ ಬಗ್ಗಿ ಒಂದೊಂದೇ ಟೇಬಲ್ಲಿನ ಕೆಳಗೆ ಹುಡುಕತೊಡಗಿದರು.