ಬೇಲಿಯಾಚೆಯ ಗೋಲು

ಪರದೇಶದ ಈ ನ್ಯೂ ಲಿನ್‌ನಲ್ಲಿ ನಮಗೂ ಪಕ್ಕದ ಮನೆಗೂ ನಡುವೆ ಇರುವುದು ಒಂದು ಹಲಗೆ ಬೇಲಿ. ಆಚೆ ಸ್ಪೇನಿನ ಮುದುಕರೊಬ್ಬರು ಒಂಟಿಯಾಗಿದ್ದಾರೆ. ಈಚೆ ನಾನು, ನಮ್ಮ ಯಜಮಾನರು, ಧಾರವಾಡದಿಂದ ಬಂದ ಅತ್ತೆ. ಬೇಲಿ ಎಷ್ಟೇ ಗಟ್ಟಿಯಿದ್ದರೂ ಆ ಕಡೆಯಿಂದ ಏನಾದರೊಂದು ಈ ಕಡೆ ಬಂದು ನಮ್ಮನ್ನು ಹೆದರಿಸುತ್ತಲೇ ಇರುತ್ತದೆ.

ಮೊದಲೇ ಬಂದ ಕೂಗು

ಒಂದು ಭಾನುವಾರ ಬೆಳಿಗ್ಗೆ ಯಜಮಾನರು ಲ್ಯಾಪ್‌ಟಾಪಿನಲ್ಲಿ ಫುಟ್‌ಬಾಲ್ ನೋಡುತ್ತಿದ್ದರು. ಆಡುತ್ತಿದ್ದದ್ದು ಪಕ್ಕದ ಅಂಕಲ್ ಹುಟ್ಟಿ ಬೆಳೆದ ಕೇರಿಯ ಕ್ಲಬ್. ದೊಡ್ಡ ಲೀಗಿನಲ್ಲಿದ್ದರೂ ಅದು ಇವತ್ತಿಗೂ ಕೇರಿಯ ಟೀಮೇ. ಅಂಕಲ್ ದಾಕ್ಷಿಣ್ಯಕ್ಕೆ ನಮ್ಮ ಯಜಮಾನರೂ ಅದರ ಅಭಿಮಾನಿ.

ಚೆಂಡು ಇನ್ನೂ ಮೈದಾನದ ನಡುವೆ ಇತ್ತು. ಬೇಲಿಯಾಚೆಯಿಂದ "ಗೋ...ಲ್!" ಎಂಬ ಗೊಗ್ಗರು ಕೂಗು ಬಂತು. ನಾವು ನಕ್ಕೆವು. ಅಷ್ಟರಲ್ಲಿ ಚೆಂಡು ನಿಜವಾಗಿಯೂ ಬಲೆಗೆ ಬಿತ್ತು. ಎರಡನೆಯ ಸಲವೂ ಹಾಗೇ ಆದಾಗ ನನ್ನ ಮೈ ಜುಮ್ಮೆಂದಿತು. ಅತ್ತೆ ಓಡಿಹೋಗಿ ವಿಭೂತಿ ತಂದರು.

ಆಮೇಲೆ ವಿಚಾರಿಸಿದರೆ ಅಂಕಲ್ ಟಿವಿಗೆ ಡಿಶ್ ಇದೆ. ಇಂಟರ್ನೆಟ್ಟಿನಲ್ಲಿ ನಮಗೆ ಆಟ ಸ್ವಲ್ಪ ತಡವಾಗಿ ಬರುತ್ತದೆ. ಅತ್ತೆ ಒಪ್ಪಲಿಲ್ಲ. "ಡಿಶ್ ಇರಲಿ, ಏನರ ಇರಲಿ. ತಮ್ಮಾ, ನಿನ್ನ ಪ್ರಮೋಶನ್ ಯಾವಾಗ ಆಗತೈತಿ ಅಂತ ಅವರನ್ನ ಒಂದ್ಸಲ ಕೇಳಿ ಬಾ."

ಕಿಟಕಿಯಲ್ಲಿ ನಿಂತವರು

ಆಮೇಲೆ ನಾವು ಅಂಕಲ್ ಮನೆಗೇ ಹೋಗಿ ನೋಡತೊಡಗಿದೆವು. ಆ ಕ್ಲಬ್ಬಿನ ಸ್ಟೇಡಿಯಂಗೆ ಮೂರು ಕಡೆ ಮಾತ್ರ ಗ್ಯಾಲರಿ. ನಾಲ್ಕನೆಯ ಕಡೆ ಬರೀ ಗೋಡೆ, ಅದರ ಹಿಂದೆಯೇ ಹಳೆಯ ಫ್ಲ್ಯಾಟುಗಳು. ಜನ ಬಟ್ಟೆ ಒಣಗಹಾಕುತ್ತಲೇ ಆಟ ನೋಡುತ್ತಾರೆ. ಅತ್ತೆಗೆ ಚೆಂಡಿನ ಗೊಡವೆಯಿಲ್ಲ, ಕಣ್ಣೆಲ್ಲ ಆ ಕಿಟಕಿಗಳ ಮೇಲೆ.

"ತುದೀ ಕಿಟಕಿಯೊಳಗ ಬಿಳೀ ಅರಿವಿ ಹಾಕ್ಕೊಂಡು ಯಾರೋ ನಿಂತಾರ. ಹೋದ ವಾರನೂ ಹಂಗ ನಿಂತಿದ್ರು. ಅಳ್ಳಾಡೂದ ಇಲ್ಲ."

ಯಜಮಾನರು ಇಂಗ್ಲಿಷಿನಲ್ಲಿ ಕೇಳಿದರು. ಅಂಕಲ್ ಕನ್ನಡಕ ಏರಿಸಿ ನೋಡಿದರು. ಅದು ಅವರು ಹುಟ್ಟಿದ ಮನೆಯಂತೆ. ಅಕ್ಕ ತೀರಿಕೊಂಡ ಮೇಲೆ ಬಾಗಿಲು ತೆಗೆದವರಿಲ್ಲವಂತೆ. ನಾನು ಅತ್ತೆಯ ಕೈ ಹಿಡಿದುಕೊಂಡೆ. ಅಂಕಲ್ ಮಾತ್ರ ನಿರಾಳವಾಗಿ ಹೇಳಿದರು: "ಟಿಕೆಟ್ ಇಲ್ಲದೆ ಆಟ ಕಾಣುವ ಜಾಗ. ಸತ್ತೆವು ಅಂತ ಯಾರಾದರೂ ಬಿಟ್ಟು ಹೋಗ್ತಾರಾ?"

ಖಾಲಿ ಮನೆಯ ದನಿ

ಸೀಸನ್ನಿನ ಕೊನೆಯ ಪಂದ್ಯ ಬಂತು. ಸೋತರೆ ಟೀಮು ಕೆಳಗಿನ ದರ್ಜೆಗೆ. ಆದರೆ ಅಂಕಲ್ ಆಸ್ಪತ್ರೆಯಲ್ಲಿ. ಮಾರನೆಯ ದಿನ ಎದೆಯ ಆಪರೇಷನ್. ಅತ್ತೆ ತಲೆನೋವೆಂದು ಕೋಣೆಯ ಬಾಗಿಲು ಹಾಕಿಕೊಂಡಿದ್ದರು. ನಾವಿಬ್ಬರೇ ಲ್ಯಾಪ್‌ಟಾಪ್ ಮುಂದೆ ಕೂತಿದ್ದೆವು.

"ಗೋ...ಲ್!"

ಬೇಲಿಯಾಚೆಯಿಂದ. ಬೀಗ ಹಾಕಿದ ಮನೆಯಿಂದ. ಅದೇ ಗೊಗ್ಗರು ದನಿ, ಅದೇ ಎಳೆತ. ಅಂಕಲ್ ಹೋಗಿಬಿಟ್ಟರು, ಆತ್ಮ ಆಟ ನೋಡಲು ಬಂದಿದೆ ಎಂದುಕೊಂಡು ನನಗೆ ಅಳುವೇ ಬಂತು. ಯಜಮಾನರು ಕ್ರಿಕೆಟ್ ಬ್ಯಾಟ್ ಎತ್ತಿಕೊಂಡರು. ಆತ್ಮಕ್ಕೆ ಬ್ಯಾಟು ಯಾಕೆಂದು ಕೇಳುವ ಧೈರ್ಯ ನನಗಿರಲಿಲ್ಲ.

ಹೋಗಿ ನೋಡಿದರೆ ಬಾಗಿಲು ತೆರೆದಿತ್ತು. ಅಂಕಲ್ ಕುರ್ಚಿಯಲ್ಲಿ, ಕುತ್ತಿಗೆಗೆ ಅವರ ಕ್ಲಬ್ಬಿನ ಮಫ್ಲರ್ ಸುತ್ತಿಕೊಂಡು, ಕೈಯಲ್ಲಿ ಫೋನ್ ಹಿಡಿದು ಕೂತಿದ್ದರು ನಮ್ಮ ಅತ್ತೆ.

"ಕೀಲಿ ಅವರ ಕೊಟ್ಟು ಹೋಗ್ಯಾರ," ಎಂದು ಪಿಸುಗುಟ್ಟಿದರು. "ಗೋಲ್ ಆದ್ರ ಹೆಂಗ ಕೂಗಬೇಕಂತನೂ ಕಲಿಸ್ಯಾರ. ಆಟ ನೋಡಬ್ಯಾಡ್ರಿ ಅಂದಾರ ಡಾಕ್ಟ್ರು, ಫೋನಿನ್ಯಾಗ ಕೇಳಬ್ಯಾಡ್ರಿ ಅಂದಿಲ್ಲಲ್ಲ!"

ಯಜಮಾನರು ಟಿವಿಯತ್ತ ನೋಡಿ ಬೆಚ್ಚಿದರು. "ಅವ್ವಾ! ಗೋಲು ಹೊಡದಾವ್ರು ಎದುರಿನವರು!"

ಅತ್ತೆ ಫೋನನ್ನು ಅಂಗೈಯಿಂದ ಮುಚ್ಚಿದರು. "ನನಗೂ ಕಣ್ಣದಾವ. ನೀವು ಬರೂದ್ರೊಳಗ ಎರಡನೇದೂ ಆತು. ಟೀಮು ಮುಂದಿನ ವರ್ಷ ಮ್ಯಾಲ ಬಂದೀತು, ಹ್ವಾದ ಜೀವ ಬರತೈತೇನು? ಸುಮ್ನ ನೀನೂ ಕೂಗು."

ನನ್ನ ಕಣ್ಣು ತುಂಬಿತು. ಅಷ್ಟರಲ್ಲಿ ಎದುರಾಳಿಗಳು ಮೂರನೆಯದನ್ನೂ ಹೊಡೆದರು. ನಾವು ಮೂವರೂ ಗಂಟಲು ಹರಿಯುವಂತೆ ಕೂಗಿದೆವು.

ಫೋನಿನಲ್ಲಿ ನರ್ಸ್ ದನಿ ಕೇಳಿಸಿತು: "ನಿಮ್ಮ ಟೀಮಿಗೆ ಇಷ್ಟು ಗೋಲು ಸಾಕಲ್ಲವಾ? ಇವರು ಮಂಚದ ಮೇಲೆ ನಿಂತು ಕುಣಿಯುತ್ತಿದ್ದಾರೆ!"