ಇಲ್ಲದ ಅಕ್ಕನಿಗೊಂದು ಚೂಡಿದಾರ

ನವೆಂಬರ್ ಒಂಬತ್ತು, ಭಾನುವಾರ, ಬೆಳಗ್ಗೆ ಹತ್ತೂ ಇಪ್ಪತ್ತು, ಬರೆಯಲು ಕೂತಿದ್ದೇನೆ. ಸುಳ್ಳು ಹೇಳುವುದಕ್ಕೂ ಒಂದು ಶಿಸ್ತು ಬೇಕೆಂದು ನಂಬಿದವಳು ನಾನು. ಬೋರ್‌ವೆಲ್ ಕೆಟ್ಟ ದಿನ, ಹಸು ಈದ ದಿನ, ಅಮ್ಮ ಬೈದ ದಿನ ಎಲ್ಲವನ್ನೂ ಡೈರಿಯಲ್ಲಿ ಬರೆದಿಡುವ ನನಗೆ, ತಯಾರಿಯಿಲ್ಲದೆ ಸುಳ್ಳು ಹೇಳುವವರನ್ನು ಕಂಡರೆ ಕನಿಕರ. ಅಂಥ ನಾನೇ, ಪೂರ್ತಿ ತಯಾರಾಗಿ ತಿಪಟೂರಿನ ಬಟ್ಟೆ ಅಂಗಡಿಗೆ ಹೋಗಿಯೂ, ಇಲ್ಲದ ಅಕ್ಕನೊಬ್ಬಳನ್ನು ಹುಟ್ಟಿಸಿ, ಅವಳನ್ನು ಮದುವೆಯವರೆಗೆ ತಂದು ನಿಲ್ಲಿಸಿದೆ.

ಆರು ವರ್ಷದ ಹಿಂದಿನ ಮಾತು. ಆಗ ನಮ್ಮೂರು ಹೊನ್ನವಳ್ಳಿಯವರ ಲೆಕ್ಕದಲ್ಲಿ ನಾನು ಕಾಲೇಜಿಗೆ ಹೋಗುವ ಗಂಡು ಹುಡುಗ. ನನ್ನ ಲೆಕ್ಕದಲ್ಲಿ ಹುಡುಗಿ. ಎರಡೂ ತಾಳೆಯಾಗುತ್ತಿರಲಿಲ್ಲ. ನನ್ನದೇ ಅಂತ ಒಂದು ಚೂಡಿದಾರ ಬೇಕು, ಅದು ಮೈಗೆ ಸರಿಯಾಗಿ ಕೂರಬೇಕು, ಕೊಳ್ಳುವಾಗ ಯಾರಿಗೂ ಗೊತ್ತಾಗಬಾರದು, ಇಷ್ಟೇ ಆಸೆ. ತುರುವೇಕೆರೆಯಲ್ಲಿ ಚಿಕ್ಕಪ್ಪ, ನೊಣವಿನಕೆರೆಯಲ್ಲಿ ಸೋದರಮಾವ. ನೆಂಟರಿಲ್ಲದ ಊರಿನ ಅಂಗಡಿ ಹುಡುಕುತ್ತ ಕೊನೆಗೆ ತಿಪಟೂರಿನ ಗಿರಿಜಮ್ಮನವರ ಅಂಗಡಿಯಲ್ಲಿ ನಿಂತೆ. ಮುಂದುಗಡೆ ಬಟ್ಟೆ, ಪಕ್ಕದ ಗಾಜಿನ ಬೀರುವಿನಲ್ಲಿ ಬಳೆ, ಪೌಡರು, ಲಿಪ್‌ಸ್ಟಿಕ್ಕು.

"ಅಕ್ಕನಿಗೆ ಚೂಡಿದಾರ ಬೇಕಿತ್ತು," ಅಂದೆ. ಅಳತೆ ಕೇಳಿದರು. ಭುಜ, ಎದೆ, ಸೊಂಟ, ತೋಳು, ಎಲ್ಲವನ್ನೂ ಮಗ್ಗಿ ಒಪ್ಪಿಸಿದ ಹಾಗೆ ಒಪ್ಪಿಸಿದೆ. ಗಿರಿಜಮ್ಮ ಟೇಪು ಕೆಳಗಿಟ್ಟರು.

"ಅಕ್ಕನ ಅಳತೆನ ಹಿಂಗೆ ಬಾಯಿಪಾಠ ಮಾಡಿರೋ ತಮ್ಮನ್ನ ಇವತ್ತೇ ನೋಡಿದ್ದು ಕಣಪ್ಪ. ನಮ್ ಯಜಮಾನ್ರಿಗೆ ಇವತ್ತಿಗೂ ನನ್ ಬಳೆ ಸೈಜು ಗೊತ್ತಿಲ್ಲ."

ಒಂದು ಪಾಚಿ ಬಣ್ಣದ ಟಾಪು ತೆಗೆದು ನನ್ನ ಹೆಗಲಿಗೇ ಹಿಡಿದರು. "ನಿನ್ನಷ್ಟುದ್ದ ಅವ್ಳಾ?"

"ಹೂಂ."

"ಭುಜಾನೂ ನಿನ್ನಂಗೇಯಾ? ಅವಳಿ ಜವಳಿನಾ?"

"ಸ್ವಲ್ಪ," ಅಂದೆ.

ಅವಳ ಹೆಸರು ಕೇಳಿದಾಗ ವೀಣಾ ಎಂದುಬಿಟ್ಟೆ. ಬಹಳ ವರ್ಷದಿಂದ ಮನಸ್ಸಿನಲ್ಲೇ ಕೂಗಿಕೊಳ್ಳುತ್ತಿದ್ದ ಹೆಸರು ಅದು. ಮೊದಲ ಸಲ ಹೊರಗೆ ಬಂದದ್ದು ಆ ಗಲ್ಲಾಪೆಟ್ಟಿಗೆಯ ಮುಂದೆ. ಅದೇ ಉಮೇದಿನಲ್ಲಿ ಲಿಪ್‌ಸ್ಟಿಕ್ಕನ್ನೂ ಕೇಳಿದೆ. ಗಿರಿಜಮ್ಮ ನನ್ನ ಮುಖವನ್ನೊಮ್ಮೆ ನೋಡಿ, ನನ್ನ ಮುಂಗೈ ಮೇಲೆ ಇಟ್ಟಿಗೆ ಬಣ್ಣದ ಗೀರೊಂದನ್ನು ಎಳೆದು, "ಇದು ಒಪ್ತದೆ," ಎಂದರು. ಬಸ್ಸಿನಲ್ಲಿ ಊರು ಮುಟ್ಟುವ ತನಕ ಆ ಗೀರನ್ನೇ ನೋಡುತ್ತ ಕೂತಿದ್ದೆ. ಒರೆಸಿಕೊಳ್ಳುವುದು ಮರೆತು, ಮನೆಯಲ್ಲಿ ಅಮ್ಮ "ಏನ್ಲಾ ಅದು ಕೈಗೆ?" ಎಂದಾಗ "ಪೈಂಟು" ಅಂದೆ. "ನಮ್ ಬಾಗ್ಲು ಬಣ್ಣ ಕಂಡು ಎಷ್ಟೋ ವರ್ಸ ಆಯ್ತು, ನೀನ್ ಯಾರ್ ಮನೇದು ಬಳಿಯಕ್ ಹೋಗಿದ್ದೆ?" ಎಂದು ಬೈದರು. ಡೈರಿಯಲ್ಲಿದೆ.

ಚೂಡಿದಾರವನ್ನು ಅಟ್ಟದಲ್ಲಿ, ಕೊಬ್ಬರಿಯಾಗಲು ಬಿಟ್ಟ ಕಾಯಿರಾಶಿಯ ಹಿಂದೆ ಇಟ್ಟೆ. ನಮ್ಮ ಕಡೆ ಅಟ್ಟದಲ್ಲಿ ಏನನ್ನಾದರೂ ವರ್ಷಗಟ್ಟಲೆ ಇಟ್ಟರೆ ಯಾಕೆಂದು ಯಾರೂ ಕೇಳುವುದಿಲ್ಲ. ಮನೆಯಲ್ಲಿ ಯಾರೂ ಇಲ್ಲದಾಗ ಹತ್ತಿ ಹಾಕಿಕೊಳ್ಳುತ್ತಿದ್ದೆ. ಇವತ್ತಿಗೂ ಒಣಗಿದ ಕೊಬ್ಬರಿಯ ವಾಸನೆ ಬಂದರೆ ನನಗೆ ಹಬ್ಬದ ನೆನಪಲ್ಲ, ಆ ಪಾಚಿ ಬಣ್ಣದ ನೆನಪು.

ತಪ್ಪಾದದ್ದು ಎರಡನೆಯ ಸಲ, ಕಾಡಿಗೆಗೆ ಹೋದಾಗ. "ಅಕ್ಕಂಗೆ ಮದ್ವೆ ಆಗೈತಾ?" ಎಂದು ಕೇಳಿದರು. ಇಲ್ಲ ಎಂದೆ. ಹೆಣ್ಣು ಸಿಗದೆ ಹುಡುಗರ ಮನೆಯವರು ಸೋತು ಕೂತಿರುವ ನಮ್ಮ ಸೀಮೆಯಲ್ಲಿ ಆಡಬಾರದ ಮಾತು ಅದು.

"ನಮ್ಮಣ್ಣನ ಮಗ ಅವ್ನೆ ಕಣಪ್ಪ, ಚಿಕ್ಕನಾಯಕನಹಳ್ಳಿ ತಾವ. ಆರಡಿ ಆಳು, ತೋಟ ಐತೆ. ನೋಡಿದ ಹುಡ್ಗೀರೆಲ್ಲ ಎದೆ ತಂಕ ಬತ್ತಾರೆ. ಜೊತೇಲಿ ನಿಂತ್ರೆ ಅಪ್ಪ ಮಗಳಂಗೆ ಕಾಣ್ತದೆ. ನಿಮ್ಮಕ್ಕನ ಫೋಟೋ ತಂದ್ಕೊಡು."

ಆಮೇಲೆ ಬಿಂದಿ ಕೊಳ್ಳಲು ಹೋದರೂ ಫೋಟೋ, ದುಪಟ್ಟಕ್ಕೆ ಹೋದರೂ ಫೋಟೋ. ಬೇರೆ ದಾರಿ ಕಾಣದೆ ಅಕ್ಕನಿಗೆ ಅವಸರದಲ್ಲಿ ಮದುವೆ ಮಾಡಿಸಿಬಿಟ್ಟೆ. "ಒಂದ್ ಮಾತು ಕರೀಲಿಲ್ವಲ್ಲಪ್ಪ," ಎಂದು ಗಿರಿಜಮ್ಮ ಮುಖ ಸಣ್ಣ ಮಾಡಿಕೊಂಡರು. ಮದುವೆಯಾಗಿ ಹೋದ ಅಕ್ಕನಿಗೆ ತಮ್ಮ ಎಷ್ಟೆಂದು ಕಾಡಿಗೆ ಕೊಂಡಾನು? ಆ ಅಂಗಡಿ ನನಗೆ ತಪ್ಪಿಹೋಯಿತು.

ಈಗ ಮನೆಯಲ್ಲಿ ಗೊತ್ತು. ಅಮ್ಮ ಒಂದು ಬೇಸಿಗೆ ಪೂರ್ತಿ ಮಾತು ಬಿಟ್ಟಿದ್ದರು; ಆಮೇಲೆ ಒಂದು ದಿನ ತಾವೇ ಅಟ್ಟದಿಂದ ಚೂಡಿದಾರ ಇಳಿಸಿ, ಒಗೆದು ಒಣಹಾಕಿದರು. ಹೋದ ವಾರ ಅದನ್ನೇ ಹಾಕಿಕೊಂಡು, ಇಟ್ಟಿಗೆ ಬಣ್ಣ ಹಚ್ಚಿಕೊಂಡು ಗಿರಿಜಮ್ಮನವರ ಅಂಗಡಿ ಮೆಟ್ಟಿಲು ಹತ್ತಿದೆ. ಆವತ್ತು ಮಾತ್ರ ಏನು ಹೇಳಬೇಕೆಂದು ತಯಾರಿ ಮಾಡಿಕೊಂಡಿರಲಿಲ್ಲ. ಅವರು ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು.

"ವೀಣಾ ಅಲ್ವೇನಮ್ಮ?"

"ಹೂಂ."

"ಮದ್ವೆಗೆ ಯಾಕ್ ಕರೀಲಿಲ್ಲ?"

"ಆ ಮದುವೆ ಆಗ್ಲೇ ಇಲ್ಲ ಅಮ್ಮ."

"ನಿನ್ ತಮ್ಮ ಬರ್ಲಿಲ್ವಾ?"

"ಅವನು ಇನ್ನು ಬರಲ್ಲ."

ಗಿರಿಜಮ್ಮ ನನ್ನ ತೋಳಿನ ಹೊಲಿಗೆಯನ್ನು ಬೆರಳಲ್ಲಿ ಸವರಿ ನೋಡಿದರು. "ಒಳ್ಳೇದಾಯ್ತು ಬುಡು. ಪಾಪ, ಅವ್ನಿಗೆ ನೆಟ್ಟಗೆ ಒಂದ್ ಸುಳ್ಳು ಹೇಳಕ್ಕೂ ಬತ್ತಿರ್ಲಿಲ್ಲ. ಬಾ, ಕುಂಕುಮ ಇಟ್ಕೋ."

ಶಿಸ್ತಿನ ಬಗ್ಗೆ ಮೇಲೆ ಬರೆದದ್ದನ್ನು ಹೊಡೆದುಹಾಕಬೇಕು. ಆದರೆ ಡೈರಿಯಲ್ಲಿ ಹೊಡೆದುಹಾಕುವ ಅಭ್ಯಾಸ ನನಗಿಲ್ಲ. ನನ್ನ ಪಾದಕ್ಕಾಗುವಷ್ಟು ದೊಡ್ಡ ಹೆಂಗಸರ ಚಪ್ಪಲಿ ನಮ್ಮ ಸುತ್ತಿನ ಮೂರು ತಾಲ್ಲೂಕಿನಲ್ಲಿ ಎಲ್ಲಿ ಸಿಗುತ್ತದೆಂದು ಇದನ್ನು ಓದುವವರಲ್ಲಿ ಯಾರಿಗಾದರೂ ತಿಳಿದಿದ್ದರೆ ದಯವಿಟ್ಟು ಬರೆದು ತಿಳಿಸಿ. ಹಾಗೆಯೇ ಚಿಕ್ಕನಾಯಕನಹಳ್ಳಿ ಕಡೆಯ ಆ ಆರಡಿ ಹುಡುಗನಿಗೆ ಮದುವೆಯಾಯಿತೇ ಎಂಬುದು ಗೊತ್ತಿದ್ದರೆ ಅದನ್ನೂ ಒಂದು ಸಾಲು ಬರೆಯಿರಿ. ಡೈರಿಯಲ್ಲಿ ಗುರುತು ಮಾಡಿಕೊಳ್ಳುವುದಕ್ಕೆ, ಅಷ್ಟೇ.