ಪುಸ್ತಕದಲ್ಲಿ ನೀನೂ ಇದೀಯ

"ಈ ಸಲ ಮುಂದಿನ ಸಾಲಲ್ಲೇ ಕೂರ್ತೀನಿ. ಮಲ್ಲಿಗೆ ಮುಡ್ಕೊಂಡು ಕೂರ್ತೀನಿ. ಆ ಪುಸ್ತಕದ ಹುಡುಗಿ ಯಾರು ಅಂತ ಊರಿಗೆ ಊರೇ ಕಣ್ಣು ಬಿಟ್ಕೊಂಡು ನೋಡ್ಲಿ!"

ದೋ ಪ್ಯೋನ್ ಈ ಶಪಥ ಮಾಡಿದ್ದು ಬೆಳಗಿನ ಮೀನು ಸಂತೆಯಲ್ಲಿ. ಮೆಲ್ಲಗೇ ಹೇಳಿದಳು. ಅವಳು ಮೆಲ್ಲಗೆ ಹೇಳಿದ್ದು ಐರಾವತಿ ನದಿಯ ಆಚೆ ದಡದ ದೋಣಿಯವರಿಗೂ ಕೇಳಿಸಿತು.

ಚಳಿಗಾಲ ಬಂತೆಂದರೆ ಪಖೊಕ್ಕು ಊರಿನ ಬೀದಿ ಬೀದಿಯಲ್ಲೂ ಸಾಹಿತ್ಯದ ಭಾಷಣ. ಬೀದಿಗೆ ಅಡ್ಡಲಾಗಿ ಬಿದಿರಿನ ವೇದಿಕೆ, ಕಂಬಕ್ಕೆ ಮೈಕು, ನೆಲಕ್ಕೆ ಚಾಪೆ. ಜನ ಕಡಲೆಕಾಯಿ ಸುಲಿಯುತ್ತ ಕೂರುತ್ತಾರೆ. ದೊಡ್ಡ ದೊಡ್ಡವರು ಬಂದು, ಯಾವ ಕಥೆಯಲ್ಲಿ ಯಾರು ಯಾಕೆ ಅತ್ತರು, ಆ ಅಳುವಿನ ಒಳಗೆ ಏನಿತ್ತು ಅಂತ ಈರುಳ್ಳಿ ಬಿಡಿಸಿದ ಹಾಗೆ ಬಿಡಿಸಿ ಹೇಳುತ್ತಾರೆ. ಈ ವರ್ಷ ದೋ ಪ್ಯೋನ್ ಬೀದಿಯಲ್ಲಿ ಬಿಡಿಸುವ ಈರುಳ್ಳಿ, ಅವಳ ಗಂಡ ಬರೆದ ಕಾದಂಬರಿ.

ಗಂಡ ಊ ಚಿಟ್ ಲಾ ಸತ್ತು ಒಂದು ಮಳೆಗಾಲ ಕಳೆದಿತ್ತು. ಕಾದಂಬರಿ ಮಾತ್ರ ಗಟ್ಟಿಯಾಗಿ ಬದುಕಿತ್ತು. ಕಾಲೇಜಿನ ಮಕ್ಕಳು ಅದನ್ನು ಓದಿ ಪಾಸಾಗುತ್ತಿದ್ದರು, ಓದದೆ ಫೇಲಾಗುತ್ತಿದ್ದರು. ದೋ ಪ್ಯೋನ್ ಓದಿರಲಿಲ್ಲ. ಅಂಗಡಿ ಬೋರ್ಡು ಓದುವಷ್ಟು ಅಕ್ಷರ ಬರುತ್ತಿತ್ತು. ಪುಸ್ತಕ ತೆರೆದರೆ ಇರುವೆ ಸಾಲು ಕಂಡ ಹಾಗಾಗಿ ನಿದ್ದೆ ಬರುತ್ತಿತ್ತು.

"ಅತ್ತಿಗೆ, ಮೊದಲು ಪುಸ್ತಕ ಓದಿ. ಮಲ್ಲಿಗೆ ಆಮೇಲೆ ಮುಡೀರಿ" ಅಂದಳು ದೋ ಮ್ವೆ. ಇವಳು ಊ ಚಿಟ್ ಲಾನ ತಂಗಿ. ಎದುರುಮನೆಯಲ್ಲೇ ಬಾಡಿಗೆ ಪುಸ್ತಕದಂಗಡಿ ಇಟ್ಟವಳು.

"ಓದೋದೇನಿದೆ? ಅಡುಗೆ ಮಾಡಿದವಳು ರುಚಿ ನೋಡ್ಬೇಕೇನೇ?"

"ಅಡುಗೆ ಮಾಡಿದ್ದು ನಮ್ಮಣ್ಣ!"

"ಒಲೆ ಊದಿದವರು ಯಾರು? ನಾನು ಚುಟ್ಟ ಸುತ್ತಿ ಮಾರಿದ್ದಕ್ಕೆ ನಿಮ್ಮಣ್ಣನ ಪೆನ್ನಿಗೆ ಇಂಕು ಬಂತು. ಇಲ್ಲದಿದ್ರೆ ಇದ್ದಿಲಲ್ಲಿ ಬರೀಬೇಕಿತ್ತು."

ಐರಾವತಿಗೆ ಕಟ್ಟೆ ಕಟ್ಟಬಹುದು. ಅತ್ತಿಗೆಯ ಬಾಯಿಗೆ ಕಟ್ಟೋರು ಹುಟ್ಟಿಲ್ಲ.

ಪುಸ್ತಕ ಅಚ್ಚಾಗಿ ಬಂದ ದಿನ ದೋ ಪ್ಯೋನ್ ಗಂಡನನ್ನು ಕೇಳಿದ್ದಳು, "ಇದರಲ್ಲಿ ನಾನಿದೀನಾ?" ಅಂತ. ಅವನು ಚುಟ್ಟದ ಹೊಗೆಯ ಹಿಂದಿನಿಂದ "ನೀನೂ ಇದೀಯ" ಅಂದು, ಕೆಮ್ಮು ಬರುವಷ್ಟು ನಕ್ಕಿದ್ದ. ಅವಳೇ ಬೆನ್ನು ಸವರಿದ್ದಳು. ಪಾಪ, ನಾಚಿಕೆ ಅಂದುಕೊಂಡಿದ್ದಳು.

ಪುಸ್ತಕದಲ್ಲಿ ಮ ಪಾನ್ ಅನ್ನುವ ಹುಡುಗಿ ಇದ್ದಾಳೆ ಅನ್ನೋದು ಊರಿಗೆಲ್ಲ ಗೊತ್ತು. ಹಸಿರು ಲುಂಗಿ, ಜಡೆಗೆ ಮಲ್ಲಿಗೆ, ಸಂಜೆ ಹೊತ್ತು ನದಿಯ ಮೆಟ್ಟಿಲ ಮೇಲೆ ಕೂತು ಕಾಯುವುದು. ಅವಳ ದನಿ ಕೇಳಬೇಕಾದರೆ ನದಿಯೇ ಸುಮ್ಮನಾಗಬೇಕಂತೆ. ಇನ್ಯಾರು? ತಾನೇ! ಬದುಕಿದ್ದಾಗ ಆ ಮನುಷ್ಯ ಒಂದು ದಿನ 'ಚೆನ್ನಾಗಿದೀಯ' ಅಂದವನಲ್ಲ. ಸಾರಿಗೆ ಉಪ್ಪು ಸರಿಯಿದೆ ಅಂತ ಕೂಡ ಅಂದವನಲ್ಲ. ಆಡದೆ ಉಳಿಸಿಕೊಂಡ ಮಾತೆಲ್ಲ ಆ ಪುಸ್ತಕದಲ್ಲೇ ಇರಬೇಕು. ಇನ್ನೆಲ್ಲಿ ಹುಡುಕೋದು? ಮಣ್ಣು ಮಾಡಿ ಬಂದಾಯಿತು.

ಭಾಷಣ ಮಾಡಲು ಮಾಂಡಲೆಯಿಂದ ಸಯಾಮ ಯಾದನಾ ಬರುವವರಿದ್ದರು. ಸಯಾಮ ಅಂದರೆ ಮೇಷ್ಟ್ರಮ್ಮ, ಅದೂ ದೊಡ್ಡ ಕಾಲೇಜಿನವರು. ಭಾಷಣಕ್ಕೆ ಮೊದಲು ಸಾಹಿತಿಗಳ ಮನೆಯಲ್ಲಿ, ಅಂದರೆ ಇವಳ ಮನೆಯಲ್ಲಿ, ಚಹಾ. ಅದಕ್ಕೆ ದೋ ಪ್ಯೋನ್ ಅಡಿಯಿಂದ ಮುಡಿಯ ತನಕ ಮ ಪಾನ್ ಆಗಲು ಹೊರಟಳು. ಮದುವೆಯ ಹಸಿರು ಲುಂಗಿ ಹೊರಗೆ ಬಂತು. ಪೆಟ್ಟಿಗೆಯಲ್ಲಿ ಇಟ್ಟಲ್ಲೇ ಅದು ಅರ್ಧ ಆಗಿತ್ತು! ಉಸಿರು ಬಿಗಿಹಿಡಿದು ಸುತ್ತಿಕೊಂಡಳು. ಕೆನ್ನೆಗೆ ಗಂಧದ ಹಾಗೆ ತನಾಖಾ ತೊಗಟೆ ತೇಯ್ದು ಹಚ್ಚಿದಳು. ಮಲ್ಲಿಗೆ ಒಂದು ಮೊಳ ಸಾಕಾಗಿತ್ತು, ಮೂರು ಮೊಳ ಮುಡಿದಳು. ಚುಟ್ಟ ಸೇದೋದು ಬಂದ್. ಕೂಗೋದು ಬಂದ್.

"ಇವತ್ತು ಪೂರ್ತಿ ಮೆತ್ತಗೆ ಮಾತಾಡ್ತೀನಿ" ಅಂದಳು.

"ನಿಮ್ಮ ಕೈಲಿ ಆಗುತ್ತಾ ಅತ್ತಿಗೆ?"

"ನೋಡ್ತಿರು!"

"ಈಗಲೇ ಕೂಗಿದ್ರಿ."

ಸಯಾಮ ಬಂದರು. ಕನ್ನಡಕ, ಹತ್ತಿ ಚೀಲ, ಕೈಯಲ್ಲಿ ಭಾಷಣದ ಕಾಗದದ ಕಟ್ಟು. ಕಟ್ಟನ್ನು ಬಿದಿರಿನ ಬೆಂಚಿನ ಮೇಲಿಟ್ಟು, ಅದಕ್ಕೆ ಬೆನ್ನು ಹಾಕಿ ಕೂತರು. ದೋ ಮ್ವೆ ಒಳಗೆ ಚಹಾ ಸೋಸುತ್ತಿದ್ದಳು. ದೋ ಪ್ಯೋನ್ ತಿನ್ನಲು ಹುದುಗು ಬರಿಸಿದ ಚಹಾ ಎಲೆಯ ತಟ್ಟೆ ಮುಂದಿಟ್ಟು ತಲೆ ತಗ್ಗಿಸಿ ನಿಂತಳು. ಆಗ ಹಿತ್ತಲ ಮೂಲೆಯಿಂದ ಮೇಕೆ ಬಂತು. ಅವಳದೇ ಮೇಕೆ. ಬೇರೆ ದಿನವಾದರೆ ಒಂದು "ಹೋಯ್!" ಸಾಕು, ಅದು ಪಕ್ಕದ ಬೌದ್ಧ ವಿಹಾರದ ಗೋಡೆ ಹಾರುತ್ತಿತ್ತು. ಇವತ್ತು ನಿಧಾನಕ್ಕೆ ಬೆಂಚಿನ ಹತ್ತಿರ ಬಂದು ಕಾಗದದ ಕಟ್ಟು ಮೂಸಿತು.

"ಮೇಕೆ" ಅಂದಳು ದೋ ಪ್ಯೋನ್, ಕೊಳಲು ಊದಿದ ಹಾಗೆ.

"ಏನಮ್ಮಾ?" ಸಯಾಮ ಮುಂದೆ ಬಾಗಿದರು.

"ಮೇಕೆ, ಮೇಕೆ."

"ಓಹೋ! ಸಾಹಿತಿಗಳಿಗೆ ಮೇಕೆ ಅಂದ್ರೆ ಪ್ರೀತಿ ಇತ್ತಾ?"

ಮೇಕೆ ಮೊದಲ ಪುಟ ಮುಗಿಸಿ ಎರಡನೆಯದಕ್ಕೆ ಬಾಯಿ ಹಾಕಿತು. ದೋ ಪ್ಯೋನ್‌ಳ ಹೊಟ್ಟೆಯಿಂದ 'ಹೋಯ್' ಎದ್ದು ಗಂಟಲಿಗೆ ಬಂತು. ನುಂಗಿದಳು. ಹಸಿರು ಲುಂಗಿ ಬಿರಿಯುವ ಹಾಗಾಯಿತು.

"ಮೇಕೆ... ನಿಮ್ಮ ಹಿಂದೆ..." ಅಂದಳು, ಇನ್ನೂ ಮೆತ್ತಗೆ.

"ಕಣ್ಣಲ್ಲಿ ನೀರೇ ಬಂತಲ್ಲ ನಿಮಗೆ! ತಾಳಿ, ಇದನ್ನ ಬರ್ಕೋಬೇಕು" ಅಂತ ಸಯಾಮ ಕಾಗದಕ್ಕಾಗಿ ಹಿಂದೆ ಕೈ ಚಾಚಿದರು. ಕೈಗೆ ಗಡ್ಡ ಸಿಕ್ಕಿತು.

ಕಿರುಚಿದ್ದು ಸಯಾಮ. ಮೇಕೆ ಕೊನೆಯ ಪುಟ ಬಾಯಲ್ಲಿಟ್ಟುಕೊಂಡೇ ಗೋಡೆ ಹಾರಿತು.

ಚಹಾ ಹಿಡಿದು ಬಂದ ದೋ ಮ್ವೆಯ ಮುಖ ಬಿಳಿಚಿಕೊಂಡಿತು. "ಪೂರ್ತಿ ತಿಂತಾ?"

"ಚಿಂತೆ ಇಲ್ಲ ಬಿಡಿ" ಅಂದರು ಸಯಾಮ. "ಈ ಕಾದಂಬರಿ ನನಗೆ ಬಾಯಿಪಾಠ. ಮನಸ್ಸಿಗೆ ಬಂದದ್ದು ಮಾತಾಡ್ತೀನಿ."

"ಅದೇ ಈಗ ಚಿಂತೆ" ಅಂತ ದೋ ಮ್ವೆ ಗೊಣಗಿಕೊಂಡಳು.

ಸಂಜೆ ಬೀದಿ ತುಂಬಿತು. ಮುಂದಿನ ಸಾಲಿನ ನಟ್ಟನಡುವೆ ಮೂರು ಮೊಳ ಮಲ್ಲಿಗೆ. ಸಯಾಮ ಮೈಕು ಹಿಡಿದರು.

"ಮ ಪಾನ್ ಯಾರು?"

ದೋ ಪ್ಯೋನ್ ಬೆನ್ನು ನೆಟ್ಟಗೆ ಮಾಡಿದಳು. ಅಕ್ಕಪಕ್ಕ ನೋಡಿದಳು. ನೋಡ್ಕೊಳ್ಳಿ!

"ಮ ಪಾನ್ ಹೆಂಗಸೇ ಅಲ್ಲ! ಇಡೀ ಕಾದಂಬರಿಯಲ್ಲಿ ಆ ಹುಡುಗಿ ಒಂದು ತುತ್ತು ಉಂಡಿಲ್ಲ. ಒಂದು ಸಲ ಸೀನಿಲ್ಲ. ಅವಳ ನೆರಳು ಕೂಡ ನೆಲಕ್ಕೆ ಬಿದ್ದಿಲ್ಲ. ಅವಳು ನಾಯಕನ ಕಳೆದುಹೋದ ಪ್ರಾಯ. ಹಸಿರು ಅಂದರೆ ಎಳೆತನ. ಮಲ್ಲಿಗೆ ಅಂದರೆ, ಸಂಜೆಯೊಳಗೆ ಬಾಡೋದು!"

ದೋ ಪ್ಯೋನ್ ತಲೆ ಮುಟ್ಟಿ ನೋಡಿಕೊಂಡಳು. ಬಾಡಿತ್ತು.

"ಹಾಗಾದರೆ ಈ ಕಾದಂಬರಿಯಲ್ಲಿ ಉಸಿರಾಡುವ ಹೆಣ್ಣು ಯಾರು?" ಸಯಾಮ ಬೆರಳೆತ್ತಿದರು. "ಬಾಗಿಲ ಹೆಬ್ಬಾತು!"

ಕಡಲೆಕಾಯಿ ಸುಲಿಯುವ ಸದ್ದು ನಿಂತಿತು. ದೋ ಮ್ವೆ ಸೆರಗಿನಂತೆ ಟವೆಲು ಎಳೆದು ಮುಖ ಮುಚ್ಚಿಕೊಂಡಳು.

"ಕೋಳಿ ಕೂಗೋ ಮೊದಲೇ ಇದು ಕೂಗುತ್ತೆ. ಊರ ಗೌಡನನ್ನ ಬಾವಿ ತನಕ ಅಟ್ಟಿಸಿಕೊಂಡು ಹೋಗುತ್ತೆ. ನಾಯಕ ಬರೆಯೋ ಕಾಗದದ ಮೇಲೆ ಹೋಗಿ ಕೂರುತ್ತೆ. ಬಂದವರು ಜಾಸ್ತಿ ಹೊತ್ತು ಕೂತರೆ ಕತ್ತು ಚಾಚಿ ಬುಸುಗುಡುತ್ತೆ. ನಾಯಕ ಅದನ್ನ ಪೀಡೆ ಅಂತ ಬೈಯದ ಪುಟ ಇಲ್ಲ. ಆದರೆ ನೋಡಿ, ಅದು ಬಾಗಿಲಲ್ಲಿ ಇರೋ ತನಕ ಒಂದು ಕೆಟ್ಟದ್ದೂ ಆ ಮನೆ ಒಳಗೆ ಕಾಲಿಡೋಲ್ಲ!"

ಒಬ್ಬರ ಹಿಂದೆ ಒಬ್ಬರು ತಿರುಗಿ ನೋಡತೊಡಗಿದರು. ಯಾರ ಕಡೆ ಅಂತ ಹೇಳಬೇಕಾಗಿಲ್ಲ. ಒಮ್ಮೆ ಅವಳ ಚುಟ್ಟದ ಮೊರ ತುಳಿದು ಪೊರಕೆ ಏಟು ತಿಂದಿದ್ದ ಭಾಷಣ ಸಮಿತಿಯ ಕಾರ್ಯದರ್ಶಿ, ತನ್ನ ಮೀನಖಂಡ ಮುಟ್ಟಿ ನೋಡಿಕೊಂಡ.

ದೋ ಪ್ಯೋನ್ ಎದ್ದಳು. ಕತ್ತು ಮುಂದೆ ಬಂತು. ಎರಡು ಕೈಯೂ ಅಗಲಕ್ಕೆ ಹೋದವು.

"ಯಾರ್ರೀ ಹೆಬ್ಬಾತು? ಯಾರು ಅಂತೀನಿ! ನಾನು ಬುಸುಗುಟ್ಟಿದ್ದು ಯಾವನು ನೋಡಿದಾನೆ? ಬರ್ಲಿ ಮುಂದೆ!"

ಇಡೀ ದಿನ ನುಂಗಿದ್ದ ದನಿ ಒಟ್ಟಿಗೆ ಬಂತು. ಮೈಕು ಕುಯ್ ಅಂತ ಅತ್ತು ಸುಮ್ಮನಾಯಿತು. ಹಸಿರು ಲುಂಗಿ ಪಟಾರ್ ಅಂತ ಬಿರಿಯಿತು.

ಸಯಾಮ ಮೆಲ್ಲಗೆ ಹೇಳಿದರು, "ಅಮ್ಮಾ, ನಾನು ಯಾರ ಹೆಸರೂ ಹೇಳಲಿಲ್ಲ."

ಬೀದಿ ಬಿದ್ದು ಬಿದ್ದು ನಕ್ಕಿತು. ಚಾಪೆಯ ಮೇಲೆ ಹೊರಳಾಡಿ ನಕ್ಕಿತು. ದೋ ಪ್ಯೋನ್ ಹರಿದ ಲುಂಗಿ ಒತ್ತಿ ಹಿಡಿದು ಮನೆ ಕಡೆ ತಿರುಗಿದಳು. ಕಣ್ಣು ಉರಿಯುತ್ತಿತ್ತು. ನೀನೂ ಇದೀಯ ಅಂದಿದ್ದ. ಇದಕ್ಕಾ ನಕ್ಕಿದ್ದು! ಬದುಕಿದ್ದಿದ್ದರೆ ಇವತ್ತು ಇತ್ತು ಅವನಿಗೆ.

"ಕೊನೇ ಅಧ್ಯಾಯ ಕೇಳಿ ಹೋಗಿ ಅಮ್ಮಾ!" ಮೈಕಿಲ್ಲದೆ ಸಯಾಮ ಕೂಗಿದರು. "ನದಿ ಉಕ್ಕಿದೆ. ನಾಯಕ ದೋಣಿ ಹತ್ತಿ ಆಗಿದೆ. ಆಚೆ ದಡದಲ್ಲಿ ಮ ಪಾನ್ ಕೈ ಬೀಸಿ ಕರೀತಿದ್ದಾಳೆ. ಅವನು ನೀರಿಗೆ ಧುಮುಕ್ತಾನೆ. ಎತ್ತ ಹೋಗ್ತಾನೆ? ಈಚೆ ದಡಕ್ಕೆ! ಮನೆಗೆ! ಹೆಬ್ಬಾತು ಸೂರಿನ ಮೇಲಿದೆ. ಎದೆಮಟ್ಟದ ನೀರಲ್ಲಿ ನಡೆದು ಹೋಗಿ ಅದನ್ನ ತಲೆ ಮೇಲೆ ಹೊತ್ಕೊಂಡು ಬರ್ತಾನೆ. ಅದು ಅವನ ಕಿವಿ ಕಚ್ಚುತ್ತೆ. ಕಾದಂಬರಿ ಮುಗೀತು."

ಹಿಂದಿನಿಂದ ಯಾರೋ ಕೂಗಿದರು, "ಬಾತಿಗೆ ಈಜೋಕೆ ಬರುತ್ತಲ್ರೀ!"

"ಬರುತ್ತೆ! ಅದು ಅವನಿಗೂ ಗೊತ್ತು. ಈಜು ಬರದಿದ್ದದ್ದು ಅವನಿಗೆ. ಆದರೂ ಯಾಕೆ ಹೋದ? ಇಷ್ಟೇ ಈ ಕಾದಂಬರಿ."

ದೋ ಪ್ಯೋನ್ ನಿಂತಲ್ಲೇ ನಿಂತಳು.

ನೆರೆ ಬಂದ ಆ ವರ್ಷ ಅವಳು ಸೂರು ಹತ್ತಿದ್ದು ತಂಬಾಕು ಎಲೆ ನೆನೆಯದಿರಲಿ ಅಂತ. ನದಿ ದಡದಲ್ಲಿ ಹುಟ್ಟಿದವಳು, ಮೀನಿನ ಹಾಗೆ ಈಜುತ್ತಿದ್ದಳು. ಗಂಡ ಬಂದ, ಕಲ್ಲಿನ ಹಾಗೆ ಮುಳುಗುವ ಮನುಷ್ಯ. ಈಜು ಬರದವನು ನೀರಿಗಿಳೀತೀಯಾ, ಬುದ್ಧಿ ಇದೆಯಾ ಅಂತ ಅವನ ಕಿವಿ ಹಿಡಿದು ಹಿಂಡಿದ್ದಳು. ಕೆಂಪಗಾಗುವ ಹಾಗೆ ಹಿಂಡಿದ್ದಳು. ಅದನ್ನು ನೋಡಿದವರು ಯಾರೂ ಇರಲಿಲ್ಲ. ಅವರಿಬ್ಬರೇ.

ವಾಪಸು ಬಂದು ಮುಂದಿನ ಸಾಲಲ್ಲೇ ಕೂತಳು. ಮಲ್ಲಿಗೆ ಬಿಚ್ಚಿ ಮಡಿಲಲ್ಲಿಟ್ಟುಕೊಂಡಳು. ಭಾಷಣ ಮುಗಿಯುವ ತನಕ ಒಂದು ಮಾತಾಡಲಿಲ್ಲ. ಊರು ಹೆದರಿತು.

ಬೆಳಗ್ಗೆ ಬಾಡಿಗೆ ಪುಸ್ತಕದಂಗಡಿಗೆ ಹೋದಳು. ಗಂಡನ ಅಳತೆಗೆ ಸುತ್ತಿದ ದಪ್ಪ ಚುಟ್ಟ ಹಚ್ಚಿ, ಸ್ಟೂಲಿನ ಮೇಲೆ ಕೂತಳು.

"ಮ್ವೇ, ಬೀದೀಲಿ ಇದು ಯಾರ್ಯಾರಿಗೆ ಗೊತ್ತಿತ್ತು?"

"ಎಲ್ಲರಿಗೂ."

"ಒಬ್ಬರೂ ಬಾಯಿ ಬಿಡಲಿಲ್ಲವಲ್ಲೇ!"

"ಹೇಳಿದ್ರೆ ಕಚ್ತೀರಿ ಅಂತ."

ದೋ ಪ್ಯೋನ್ ಕತ್ತು ಚಾಚಿದಳು. ಮತ್ತೆ ಏನೋ ನೆನಪಾಗಿ ಹಿಂದಕ್ಕೆ ಎಳೆದುಕೊಂಡಳು.

"ಸಯಾಮಂಗೂ ಮೊದಲೇ ಹೇಳಿಟ್ಟಿದ್ದೆ ಅತ್ತಿಗೆ, ಬಾತಿನ ಸುದ್ದಿ ಎತ್ತಬೇಡಿ ಅಂತ. ಪಾಪ, ಅದೊಂದು ಬಿಟ್ಟು ಚೆನ್ನಾಗಿ ಬರ್ಕೊಂಡು ಬಂದಿದ್ರು. ನೀವು ಮೆತ್ತಗೆ ಮಾತಾಡಿದ್ರಿ, ಮೇಕೆ ತಿಂತು."

"ಸಾಕು ಬಿಡೇ. ಆ ಪುಸ್ತಕ ತೆಗಿ. ಬಾತು ಇರೋ ಕಡೆ ಓದು."

"ಎಲ್ಲಾ ಕಡೆ ಇದೆ."

"ಹಾಗಾದ್ರೆ ಕೊನೇದು ಓದು."

ದೋ ಮ್ವೆ ಓದಿದಳು. ದೋಣಿ ಬಂತು, ಮ ಪಾನ್ ಕೈ ಬೀಸಿದಳು, ನಾಯಕ ಎದೆಮಟ್ಟದ ನೀರಿಗೆ ಇಳಿದ.

"ಸುಳ್ಳು!" ಅಂದಳು ದೋ ಪ್ಯೋನ್. "ಸೊಂಟಕ್ಕೂ ಇರಲಿಲ್ಲ ನೀರು. ಅಷ್ಟಕ್ಕೇ ಗಡಗಡ ನಡುಗ್ತಿದ್ರು ನಿಮ್ಮಣ್ಣ."

"ತಿದ್ದಲಾ?" ದೋ ಮ್ವೆ ಕಿವಿಯ ಮೇಲಿನ ಪೆನ್ಸಿಲು ತೆಗೆದಳು.

ದೋ ಪ್ಯೋನ್ ಹೊಗೆ ಬಿಟ್ಟಳು. ಸ್ವಲ್ಪ ಕೆಮ್ಮಿದಳು. ಹೊಗೆಗೆ ಕಣ್ಣಲ್ಲಿ ನೀರು ಬಂತು.

"ಬೇಡ. ಎದೆಮಟ್ಟಾನೇ ಇರ್ಲಿ. ಓದು ಮುಂದೆ."